ಆರ್ಡರ್ ಕೊಟ್ಟರೆ ದಯೆ ಬರುತ್ತಾ?

ಒಂದು ಪ್ರಶ್ನೆ ಕೇಳ್ತೀನಿ, ಗಡಿಬಿಡಿಯಲ್ಲಿ ಉತ್ತರ ಕೊಡಬೇಡಿ. ನೀವು ಬೈಕಿನಿಂದ ಬಿದ್ದು ರಸ್ತೆ ಬದಿಯಲ್ಲಿದ್ದೀರಿ ಅಂದುಕೊಳ್ಳಿ. ತೊಡೆಯಿಂದ ರಕ್ತ ಸುರಿಯುತ್ತಿದೆ. ಇಬ್ಬರು ಬರುತ್ತಾರೆ. ಒಬ್ಬನಿಗೆ ನಿಮ್ಮನ್ನು ನೋಡಿದ ತಕ್ಷಣ ಕರುಳು ಚುರುಕ್ ಅನ್ನುತ್ತೆ, ಕಣ್ಣಲ್ಲಿ ನೀರೇ ಬಂದುಬಿಡುತ್ತೆ. ಆದರೆ ಏನು ಮಾಡಬೇಕೋ ಗೊತ್ತಿಲ್ಲ. ಇನ್ನೊಬ್ಬನಿಗೆ ನಿಮ್ಮ ಮೇಲೆ ಯಾವ ಮಮಕಾರವೂ ಇಲ್ಲ. ಯಾವಾಗ ಮನೆಗೆ ಹೋಗಿ ಬಿದ್ದುಕೊಳ್ಳುತ್ತೇನೋ ಅನ್ನುವ ಮುಖ. ಆದರೆ ಅವನು ಮಂಡಿಯೂರಿ ಕೂತು, ಗಾಯದ ಮೇಲ್ಗಡೆ ಪಟ್ಟಿ ಬಿಗಿದು ರಕ್ತ ನಿಲ್ಲಿಸುತ್ತಾನೆ. ಯಾಕೆ ಅಂದರೆ ಹಾಗೆ ಮಾಡಬೇಕು ಅಂತ ಅವನಿಗೆ ಆರ್ಡರ್ ಇದೆ. ಇಬ್ಬರಲ್ಲಿ ಒಳ್ಳೆಯವನು ಯಾರು?

"ಬೇಕಾದವನು ಎರಡನೆಯವನು, ಒಳ್ಳೆಯವನು ಮೊದಲನೆಯವನು" ಅಂತ ತಾನೇ ನಿಮ್ಮ ಮನಸ್ಸಿಗೆ ಬಂದದ್ದು? ನನಗೂ ಹಾಗೇ ಅನ್ನಿಸುತ್ತಿತ್ತು. ಆದರೆ ಎರಡು ವರ್ಷ ನಾನೇ ಆ ಎರಡನೆಯವನಾಗಿದ್ದೆ. ಅದಕ್ಕೇ ಈ ಉತ್ತರ ಅಷ್ಟು ಸಲೀಸಾಗಿ ಗಂಟಲಲ್ಲಿ ಇಳಿಯುವುದಿಲ್ಲ.

ಸ್ವಲ್ಪ ಹಿನ್ನೆಲೆ ಹೇಳಬೇಕು. ಸಿಂಗಪುರದಲ್ಲಿ 1967ರಿಂದ ನ್ಯಾಷನಲ್ ಸರ್ವಿಸ್ ಕಡ್ಡಾಯ. ಎಲ್ಲರ ಬಾಯಲ್ಲೂ ಅದು ಎನ್‌ಎಸ್. ಹದಿನೆಂಟು ತುಂಬಿದ ಹುಡುಗರು ಎರಡು ವರ್ಷ ಸೇನೆಯಲ್ಲೋ, ಪೊಲೀಸಿನಲ್ಲೋ, ಸಿವಿಲ್ ಡಿಫೆನ್ಸ್‌ನಲ್ಲೋ ಇರಬೇಕು. ಎಲ್ಲಿಗೆ ಹಾಕಬೇಕು ಅನ್ನುವುದು ಸರ್ಕಾರದ ತೀರ್ಮಾನ. ಇದು ಪ್ರಜೆಗಳಿಗೆ ಮಾತ್ರವಲ್ಲ, ಅಲ್ಲಿ ಪಿಆರ್ ಪಡೆದು ನೆಲೆ ನಿಂತವರ ಗಂಡುಮಕ್ಕಳಿಗೂ ಅನ್ವಯಿಸುತ್ತೆ. ನಮ್ಮಪ್ಪ ಮೈಸೂರಿನಿಂದ ಕೆಲಸ ಹಿಡಿದು ಹೋದವರು. ಅವರಿಗೆ ಎನ್‌ಎಸ್ ಇಲ್ಲ, ಅವರ ಜೊತೆ ಲಗೇಜಿನ ಹಾಗೆ ಹೋದ ನನಗೆ ಇದೆ. ಸಿಂಗಪುರದ ಎಷ್ಟೋ ಕನ್ನಡದ ಮನೆಗಳಲ್ಲಿ ಮಗನಿಗೆ ಹನ್ನೆರಡು ಹದಿಮೂರು ಆಗುತ್ತಿದ್ದಂತೆ ಈ ಮಾತು ಊಟದ ಮೇಜಿಗೆ ಬರುತ್ತೆ.

ಮೊದಲ ಕೆಲವು ವಾರ ಟೆಕಾಂಗ್ ದ್ವೀಪದಲ್ಲಿ ಓಟ, ರೈಫಲ್, ಕೆಸರು. ಆಮೇಲೆ ಪೋಸ್ಟಿಂಗ್ ಬಂತು: ಮೆಡಿಕ್. ನಾನು ಕೇಳಿದ್ದಲ್ಲ. ಪಕ್ಕದ ಮಂಚದವನು ಡ್ರೈವರ್ ಆದ, ಅವನ ಪಕ್ಕದವನು ಅಡುಗೆ ವಿಭಾಗದ ಸ್ಟೋರಿಗೆ ಹೋದ, ನಾನು ಜೀವ ಉಳಿಸುವವನಾದೆ. ಫೋನಿನಲ್ಲಿ ಅಜ್ಜಿ ಕೇಳಿದರು, "ಅಲ್ಲ ಕಣೋ ಪುಟ್ಟ, ನಿಂಗೆ ರಕ್ತ ಕಂಡ್ರೆ ಆಗಲ್ವಲ್ಲ? ಡಾಕ್ಟ್ರ ಕೆಲಸಕ್ಕೆ ಒಂದು ಮನಸ್ಸು ಬೇಕು ಕಣಪ್ಪ. ಅವ್ರು ಹೇಳಿದ್ರು ಅಂತ ಬಂದ್ಬಿಡುತ್ತಾ?"

ಅಜ್ಜಿ ಕೇಳಿದ್ದು ನಿಜಕ್ಕೂ ತತ್ವಶಾಸ್ತ್ರದ ಪ್ರಶ್ನೆ. ಓಡು ಅಂದರೆ ಓಡಬಹುದು. ಗುಂಡು ಹಾರಿಸು ಅಂದರೆ ಹಾರಿಸಬಹುದು. ಮರುಕಪಡು ಅಂತ ಆರ್ಡರ್ ಕೊಡೋಕಾಗುತ್ತಾ?

ನೀ ಸೂನ್ ಕ್ಯಾಂಪಿನಲ್ಲಿರುವ ವೈದ್ಯಕೀಯ ತರಬೇತಿ ಸಂಸ್ಥೆಯಲ್ಲಿ ಯಾರೂ ನಮಗೆ ಮರುಕದ ಬಗ್ಗೆ ಪಾಠ ಮಾಡಲಿಲ್ಲ. ಮೂಳೆಗಳ ಹೆಸರು, ರಕ್ತನಾಳಗಳ ದಾರಿ, ಬೊಂಬೆಯ ಎದೆ ಒತ್ತುವುದು, ಸ್ಟ್ರೆಚರ್ ಹೊರುವುದು. ಮತ್ತೆ ಮತ್ತೆ ಅದೇ. ಟೂರ್ನಿಕೆಟ್ ಬಿಗಿಯುವುದನ್ನು ಎಷ್ಟು ಸಲ ಮಾಡಿದೆವೋ ಲೆಕ್ಕವಿಲ್ಲ. ಗಾಯಕ್ಕಿಂತ ಮೇಲೆ ಕಟ್ಟು, ರಕ್ತ ನಿಲ್ಲುವ ತನಕ ಕಡ್ಡಿ ತಿರುಗಿಸು, ಕಟ್ಟಿದ ಹೊತ್ತು ಬರೆ. ಬೆಳಕಲ್ಲಿ ಮಾಡಿದ್ದನ್ನು ಕತ್ತಲಲ್ಲಿ ಮಾಡಬೇಕು. ಸುಮ್ಮನೆ ಕೂತು ಮಾಡಿದ್ದನ್ನು ಸಾರ್ಜೆಂಟ್ ಕಿವಿ ಹತ್ತಿರ ಕೂಗುತ್ತಿರುವಾಗ ಮಾಡಬೇಕು. ಗಾಯಾಳುವಾಗಿ ನಟಿಸುವವನು ನಿಜವಾಗಿಯೂ "ಬಿಗಿಯಾಯ್ತು, ಸಾಕು" ಅಂದರೂ ನಿಲ್ಲಿಸುವ ಹಾಗಿಲ್ಲ. ಅರ್ಧ ಬಿಗಿದ ಟೂರ್ನಿಕೆಟ್ ಕಟ್ಟದೆ ಇದ್ದದ್ದಕ್ಕಿಂತ ಕೆಟ್ಟದ್ದು. ರಕ್ತ ಒಳಗೆ ಹೋಗುತ್ತಿರುತ್ತೆ, ವಾಪಸು ಬರುವ ದಾರಿ ಮಾತ್ರ ಮುಚ್ಚಿರುತ್ತೆ. ಅಯ್ಯೋ ಪಾಪ ಅಂತ ಸಡಿಲ ಬಿಟ್ಟವನು ನೋವು ಕಡಿಮೆ ಮಾಡುವುದಿಲ್ಲ, ಜೀವವನ್ನೇ ಅಪಾಯಕ್ಕೆ ತಳ್ಳುತ್ತಾನೆ.

ಆಮೇಲೆ ಡ್ರಿಪ್ ಹಾಕುವ ದಿನ. ನಮ್ಮ ಬ್ಯಾಚಿನಲ್ಲಿ ಸೂಜಿ ಕಲಿತದ್ದು ಒಬ್ಬರ ತೋಳಿನಲ್ಲಿ ಒಬ್ಬರು. ನನ್ನ ಜೋಡಿ ಒಬ್ಬ ಮಲಯ್ ಹುಡುಗ. ನಮ್ಮಿಬ್ಬರಿಗೂ ಹೇಳಿಕೊಳ್ಳುವಂಥ ಸ್ನೇಹವೇನೂ ಇರಲಿಲ್ಲ. ಅವನ ಗೊರಕೆ ನನಗಾಗದು, ನನ್ನ ಬೂಟಿನ ವಾಸನೆ ಅವನಿಗಾಗದು. ಆ ದಿನ ಅವನು ತೋಳು ಚಾಚಿ, ಮುಖ ಆ ಕಡೆ ತಿರುಗಿಸಿ ಕೂತ. ನಾನು ಚುಚ್ಚಿದೆ. ಆಮೇಲೆ ಜಾಗ ಬದಲು. ನಾನು ತೋಳು ಚಾಚಿದೆ, ಅವನು ಚುಚ್ಚಿದ. ಪ್ರೀತಿಯಿಂದ ಕೊಟ್ಟ ತೋಳಲ್ಲ ಅದು, ಆರ್ಡರ್ ಇತ್ತು ಅಂತ ಕೊಟ್ಟದ್ದು. ಆದರೂ ಆ ಸಂಜೆಯ ನಂತರ ಅವನ ತೋಳಿನ ನೀಲಿ ಕಲೆ ಕಂಡಾಗೆಲ್ಲ ನನಗೆ ಒಂದು ಥರದ ಋಣದ ಭಾವನೆ. ಮೊದಲು ಆರ್ಡರ್ ಬಂತು, ಭಾವನೆ ಅದರ ಹಿಂದೆ ನಿಧಾನವಾಗಿ ನಡೆದು ಬಂತು.

ಇದು ಹೊಸ ವಿಷಯವಲ್ಲ. ಮನುಷ್ಯ ನ್ಯಾಯದ ಕೆಲಸ ಮಾಡುತ್ತ ಮಾಡುತ್ತಲೇ ನ್ಯಾಯವಂತನಾಗುತ್ತಾನೆ, ಧೈರ್ಯದ ಕೆಲಸ ಮಾಡುತ್ತಲೇ ಧೈರ್ಯವಂತನಾಗುತ್ತಾನೆ ಅಂತ ಅರಿಸ್ಟಾಟಲ್ ಹೇಳಿದ್ದ. ಒಳ್ಳೆಯತನವೂ ವೀಣೆ ನುಡಿಸಿದ ಹಾಗೆ, ಅಭ್ಯಾಸದಿಂದ ಬರುವಂಥದ್ದು. 1785ರಲ್ಲಿ ಇಮ್ಯಾನುಯೆಲ್ ಕಾಂಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಮನಸ್ಸು ಕರಗಿ ಸಹಾಯ ಮಾಡುವುದು ಚೆಂದವೇ, ಆದರೆ ಮನಸ್ಸು ಒಣಗಿ ಹೋದಾಗಲೂ ಕರ್ತವ್ಯ ಅಂತ ಸಹಾಯ ಮಾಡುವವನ ಕೆಲಸಕ್ಕೇ ನೈತಿಕ ಬೆಲೆ ಹೆಚ್ಚು ಅನ್ನುವುದು ಅವನ ವಾದ. ಆದರೆ ಕಾಂಟ್ ಹೇಳಿದ ಕರ್ತವ್ಯವನ್ನು ಮನುಷ್ಯ ತನಗೆ ತಾನೇ ವಿಧಿಸಿಕೊಳ್ಳಬೇಕು. ಸಾರ್ಜೆಂಟ್ ಕೂಗಿದ್ದಕ್ಕೆ ಮಾಡಿದ್ದು ಅವನ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಕಾಂಟ್‌ನ ಪರೀಕ್ಷೆಯಲ್ಲಿ ನಾನು ಫೇಲ್. ಅರಿಸ್ಟಾಟಲ್‌ನದರಲ್ಲಿ ಇನ್ನೂ ಕಲಿಯುತ್ತಿರುವ ವಿದ್ಯಾರ್ಥಿ.

ಪರೀಕ್ಷೆಗಳನ್ನು ಬಿಟ್ಟು ಗಾಯಾಳುವಿನ ಕಡೆಯಿಂದ ನೋಡೋಣ. 1859ರ ಜೂನ್‌ನಲ್ಲಿ ಇಟಲಿಯ ಸೋಲ್ಫೆರಿನೊದಲ್ಲಿ ದೊಡ್ಡ ಯುದ್ಧ ನಡೆಯಿತು. ಹೆನ್ರಿ ಡ್ಯುನಾಂಟ್ ಅನ್ನುವ ಸ್ವಿಸ್ ವ್ಯಾಪಾರಿ ತನ್ನ ಕೆಲಸದ ಮೇಲೆ ಆ ಕಡೆ ಹೋಗಿದ್ದ. ಸಾವಿರಾರು ಗಾಯಾಳುಗಳು ನೀರಿಲ್ಲದೆ, ನೋಡುವವರಿಲ್ಲದೆ ಬಿದ್ದಿದ್ದರು. ಪಕ್ಕದ ಕಾಸ್ತಿಲಿಯೋನೆ ಊರಿನ ಹೆಂಗಸರು ಚರ್ಚುಗಳಲ್ಲಿ ಅವರನ್ನು ಮಲಗಿಸಿ, ಯಾವ ಕಡೆಯ ಸೈನಿಕ ಅಂತ ನೋಡದೆ ಆರೈಕೆ ಮಾಡಿದರು. ಡ್ಯುನಾಂಟ್‌ನೂ ಕೈಜೋಡಿಸಿದ. ದಯೆಗೆ ಅಲ್ಲಿ ಬರವಿರಲಿಲ್ಲ. ಇಲ್ಲದ್ದು ತರಬೇತಿ, ಬಟ್ಟೆ, ಬಂಡಿ, ಒಂದು ವ್ಯವಸ್ಥೆ.

ಅಷ್ಟು ಕಂಡವನು ಊರಿಗೆ ಹೋಗಿ "ಎಲ್ಲರೂ ದಯಾವಂತರಾಗಿ" ಅಂತ ಪ್ರವಚನ ಕೊಡಬಹುದಿತ್ತು. ಕೊಡಲಿಲ್ಲ. 1862ರಲ್ಲಿ ಪುಸ್ತಕ ಬರೆದು ಎರಡು ವಿಷಯ ಕೇಳಿದ. ಒಂದು, ಶಾಂತಿಯ ಕಾಲದಲ್ಲೇ ಜನರನ್ನು ತಯಾರು ಮಾಡಿಡಿ. ಎರಡು, ದೇಶಗಳು ಸೇರಿ ಒಂದು ಒಪ್ಪಂದ ಮಾಡಿಕೊಳ್ಳಿ. ಮುಂದಿನ ವರ್ಷ ರೆಡ್ ಕ್ರಾಸ್ ಆಗಲಿರುವ ಸಮಿತಿ ಹುಟ್ಟಿತು, 1864ರಲ್ಲಿ ಮೊದಲ ಜಿನೀವಾ ಒಪ್ಪಂದ. ದಯೆಯ ಅತಿ ದೊಡ್ಡ ಸಾಕ್ಷಿಯಾಗಿದ್ದ ಮನುಷ್ಯನೇ ದಯೆಯನ್ನು ನೆಚ್ಚಿ ಕೂರಲಿಲ್ಲ ಅನ್ನುವುದು ನನಗೆ ಬಹಳ ದೊಡ್ಡ ಮಾತಾಗಿ ಕಾಣುತ್ತೆ. ದಯೆ ಸುಸ್ತಾಗುತ್ತೆ. ಹತ್ತನೆಯ ಗಾಯಾಳುವಿನ ಹತ್ತಿರ ಹೋಗುವಷ್ಟರಲ್ಲಿ ಕಣ್ಣೀರು ಬತ್ತಿರುತ್ತೆ. ದಯೆಗೆ ಮುಖ ನೋಡಿ ಮಣೆ ಹಾಕುವ ಅಭ್ಯಾಸವೂ ಇದೆ. ನಮ್ಮವನು, ನಮ್ಮೂರವನು, ನೋಡಲು ಪಾಪ ಅನ್ನಿಸುವವನು ಮೊದಲು.

ತರಗತಿಯಲ್ಲಿ ಟ್ರಿಯಾಜ್ ಕಲಿಸಿದಾಗ ಇದು ಇನ್ನೂ ಸ್ಪಷ್ಟವಾಯಿತು. ಕಾಫಿ ಬೀಜವನ್ನೂ ಉಣ್ಣೆಯನ್ನೂ ದರ್ಜೆ ನೋಡಿ ವಿಂಗಡಿಸುವುದಕ್ಕೆ ಬಳಸುತ್ತಿದ್ದ ಫ್ರೆಂಚ್ ಪದ ಅದು. ನೆಪೋಲಿಯನ್ನನ ಸೇನೆಯಲ್ಲಿ ಶಸ್ತ್ರವೈದ್ಯನಾಗಿದ್ದ ಲಾರೆ ಅನ್ನುವವನು, ಹುದ್ದೆ ನೋಡಬೇಡಿ, ಗಾಯ ನೋಡಿ, ಹೆಚ್ಚು ಗಾಯವಾದವನು ಮೊದಲು ಅನ್ನುವ ನಿಯಮ ತಂದ. 1949ರ ಜಿನೀವಾ ಒಪ್ಪಂದದಲ್ಲಿ ಇದು ಶತ್ರುವಿಗೂ ಅನ್ವಯಿಸುತ್ತೆ. ಚಿಕಿತ್ಸೆಯಲ್ಲಿ ಯಾರು ಮೊದಲು ಅನ್ನುವುದನ್ನು ವೈದ್ಯಕೀಯ ತುರ್ತು ಮಾತ್ರ ತೀರ್ಮಾನಿಸಬೇಕು. ಅಂದರೆ, ನನ್ನ ಗೆಳೆಯನ ಕೈ ಮುರಿದಿದೆ, ಅವನಿಗೆ ಗುಂಡು ಹೊಡೆದ ಶತ್ರುವಿನ ತೊಡೆಯಿಂದ ರಕ್ತ ಚಿಮ್ಮುತ್ತಿದೆ ಅನ್ನಿ. ನಾನು ಮೊದಲು ಶತ್ರುವಿನ ಹತ್ತಿರ ಹೋಗಬೇಕು. ತರಗತಿಯಲ್ಲಿ ಒಬ್ಬ ಕೈಯೆತ್ತಿ, "ಸಾರ್ಜೆಂಟ್, ಮನಸ್ಸು ಬರದಿದ್ದರೆ?" ಅಂತ ಕೇಳಿದ. ಸಾರ್ಜೆಂಟ್ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. "ಮನಸ್ಸನ್ನ ಯಾರು ಕೇಳಿದ್ರು ಲಾ? ಕೈ ತಗೊಂಡು ಹೋಗು" ಅಂದರು.

ಎಲ್ಲರೂ ನಕ್ಕೆವು. ಆದರೆ ಯೋಚಿಸಿ ನೋಡಿ. ಶತ್ರುವಿನ ಮೇಲೆ ಪ್ರೀತಿ ಹುಟ್ಟುವ ತನಕ ಕಾಯಬೇಕು ಅಂದಿದ್ದರೆ ಆ ಗಾಯಾಳುವಿನ ಗತಿ ಏನು? ಇಡೀ ಸೇನೆಯಲ್ಲಿ ಸೇನೆಗೇ ಲಗಾಮು ಹಾಕುವ ಆರ್ಡರ್ ಅಂದರೆ ಇದು.

ಲಗಾಮು ಕಳಚಿದರೆ ಏನಾಗುತ್ತೆ ಅಂತ ನೋಡಲು ಸಿಂಗಪುರದಿಂದ ಹೊರಗೆ ಹೋಗಬೇಕಾಗಿಲ್ಲ. 1942ರ ಫೆಬ್ರವರಿ 14ರಂದು ಜಪಾನಿ ಸೈನಿಕರು ಇಲ್ಲಿನ ಅಲೆಕ್ಸಾಂಡ್ರಾ ಆಸ್ಪತ್ರೆಗೆ ನುಗ್ಗಿದರು. ಬಿಳಿ ಬಾವುಟ ಹಿಡಿದು ಎದುರು ಬಂದ ಅಧಿಕಾರಿಯನ್ನು ಬಯೊನೆಟ್ಟಿನಿಂದ ತಿವಿದರು. ರೋಗಿಗಳನ್ನೂ ಸಿಬ್ಬಂದಿಯನ್ನೂ ಕೊಂದರು. ಆ ಆಸ್ಪತ್ರೆ ಈಗಲೂ ನಡೆಯುತ್ತಿದೆ. ನಾನು ಅಲ್ಲಿ ಜ್ವರಕ್ಕೆ ಔಷಧಿ ತಗೊಂಡಿದ್ದೇನೆ. ನುಗ್ಗಿದವರೂ ನಮ್ಮಂಥ ಹುಡುಗರೇ, ಹೇಳಿದಂತೆ ಕೇಳಲು ತರಬೇತಿ ಪಡೆದವರೇ. ಕೈಗೆ ಯಾವ ಆರ್ಡರನ್ನಾದರೂ ಕಲಿಸಬಹುದು. ಅದಕ್ಕೇ ಯಾವ ಆರ್ಡರ್ ಕಲಿಸುತ್ತೇವೆ ಅನ್ನುವುದು ಮುಖ್ಯ.

ಇಲ್ಲಿ ಒಬ್ಬ ಓದುಗ ಎದ್ದು ನಿಂತು ತಕರಾರು ಮಾಡಬಹುದು, ಮಾಡಬೇಕು ಕೂಡ. "ಸ್ವಾಮಿ, ಮೆಡಿಕ್ ಇರುವುದು ಸೈನಿಕನನ್ನು ರಿಪೇರಿ ಮಾಡಿ ಮತ್ತೆ ಯುದ್ಧಕ್ಕೆ ಕಳಿಸುವುದಕ್ಕೆ. ಗ್ಯಾರೇಜಿನಲ್ಲಿ ಲಾರಿ ರಿಪೇರಿ ಮಾಡಿದ ಹಾಗೆ. ಇದರಲ್ಲಿ ನೀತಿ ಎಲ್ಲಿಂದ ಬಂತು?" ನಿಜ. ಸೇನೆಗಳು ವೈದ್ಯರನ್ನು ಸಾಕುವುದು ಬರೀ ಪುಣ್ಯಕ್ಕಲ್ಲ. ನನ್ನ ಟೂರ್ನಿಕೆಟ್ಟಿನಿಂದ ಉಳಿದವನು ನಾಳೆ ಇನ್ನೊಬ್ಬನ ಮೇಲೆ ಗುಂಡು ಹಾರಿಸಬಹುದು. ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಬೇಡ ಅನ್ನುವವರಿಗೆ ಬೇರೆ ದಾರಿ ಇರಬೇಕು ಅನ್ನುವುದನ್ನಂತೂ ನಂಬುತ್ತೇನೆ. ಜರ್ಮನಿಯಲ್ಲಿ 2011ರಲ್ಲಿ ಕಡ್ಡಾಯ ಸೇವೆ ನಿಲ್ಲುವ ತನಕ, ಬಂದೂಕು ಹಿಡಿಯಲ್ಲ ಅಂದ ಹುಡುಗರು ಆಸ್ಪತ್ರೆ, ವೃದ್ಧಾಶ್ರಮಗಳಲ್ಲಿ ಸೇವೆ ಮಾಡಬಹುದಿತ್ತು. ಮನಸ್ಸಾಕ್ಷಿಯ ಹೆಸರಿನಲ್ಲಿ ಹಾಗೆ ಕೇಳುವ ಹಕ್ಕು ಸಿಂಗಪುರದಲ್ಲಿಲ್ಲ. ಸಮವಸ್ತ್ರವನ್ನೇ ಒಲ್ಲೆ ಅನ್ನುವವರು ಸೇನೆಯ ಬಂದೀಖಾನೆಗೆ ಹೋಗುತ್ತಾರೆ. ಜೀವ ಉಳಿಸುವುದನ್ನು ಕಲಿಸುವ ವ್ಯವಸ್ಥೆಯಲ್ಲೇ ಇದೂ ಇದೆ ಅನ್ನುವುದನ್ನು ಮುಚ್ಚಿಟ್ಟು ನಾನು ಎನ್‌ಎಸ್ ಹೊಗಳಿದರೆ ಅದು ಅರ್ಧ ಸತ್ಯವಾಗುತ್ತೆ.

ಇನ್ನೊಂದು ಮಿತಿ ನನಗೆ ಗೊತ್ತಾದದ್ದು ಯುದ್ಧದ ಪಾಠದಲ್ಲಲ್ಲ, ಬೆಳಗಿನ ಸಿಕ್ ಪರೇಡ್‌ನಲ್ಲಿ. ಶಾಂತಿಕಾಲದ ಮೆಡಿಕ್‌ಗೆ ಗುಂಡಿನ ಗಾಯ ಯಾವುದೂ ಸಿಗಲ್ಲ. ಸಿಗುವುದು ಬೊಬ್ಬೆ ಎದ್ದ ಪಾದ, ಉಳುಕಿದ ಕಾಲು, ಬಿಸಿಲಿಗೆ ತಲೆ ಸುತ್ತಿದವರು, ಮತ್ತು "ಚಾವ್ ಕೆಂಗ್" ಅನ್ನಿಸಿಕೊಂಡವರು. ಹೊಕ್ಕಿಯೆನ್ ಭಾಷೆಯ ಈ ಮಾತು ಗೊತ್ತಿಲ್ಲದ ಎನ್‌ಎಸ್ ಹುಡುಗನಿಲ್ಲ. ಕೆಲಸ ತಪ್ಪಿಸಿಕೊಳ್ಳಲು ಕಾಯಿಲೆಯ ನಾಟಕ ಆಡುವವನು ಅಂತ ಅರ್ಥ. ನಾಟಕ ಆಡುವವರು ಇರುತ್ತಾರೆ, ಇಲ್ಲ ಅನ್ನಲ್ಲ. ಎಲ್ಲರನ್ನೂ ನಂಬಿದರೆ ಓಡುವುದಕ್ಕೆ ಯಾರೂ ಉಳಿಯುವುದಿಲ್ಲ. ಯಾರನ್ನೂ ನಂಬದಿದ್ದರೆ ಒಂದು ದಿನ ನಿಜವಾಗಿ ಕುಸಿದವನೂ ನಾಟಕದವನ ಪಟ್ಟಿಗೆ ಸೇರುತ್ತಾನೆ.

ಒಂದು ಯೂನಿಟ್ಟಿನಲ್ಲಿ ಒಬ್ಬ ಹುಡುಗ ಒಂದೇ ವಾರದಲ್ಲಿ ಮೂರು ಸಲ ಬಂದ. ಮೊದಲು ತಲೆನೋವು, ಆಮೇಲೆ ಹೊಟ್ಟೆನೋವು, ಆಮೇಲೆ ಬೆನ್ನು. ಟೆಂಪರೇಚರ್, ಬಿಪಿ, ನಾಡಿ ಎಲ್ಲ ಸರಿ. ಸಾಲಿನಲ್ಲಿದ್ದವರು ಮುಸಿಮುಸಿ ನಗುತ್ತಿದ್ದರು. ನಮ್ಮ ಮೆಡಿಕಲ್ ಆಫೀಸರ್ ಕೂಡ ಎನ್‌ಎಸ್ ಮಾಡುತ್ತಿದ್ದ ಎಳೆಯ ಡಾಕ್ಟರೇ. ಅವರು ಬಾಗಿಲು ಮುಚ್ಚಿಸಿ, ಪೆನ್ನು ಕೆಳಗಿಟ್ಟು, "ರಾತ್ರಿ ನಿದ್ದೆ ಬರುತ್ತಾ?" ಅಂತ ಕೇಳಿದರು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಳೋಕೆ ಶುರು ಮಾಡಿದ. ಮನೆಯಲ್ಲಿ ಅಮ್ಮ ಹಾಸಿಗೆ ಹಿಡಿದಿದ್ದರು, ನೋಡಿಕೊಳ್ಳಲು ಯಾರೂ ಇರಲಿಲ್ಲ, ಅದನ್ನು ಯಾರಿಗೆ ಹೇಳಬೇಕು ಅಂತ ಅವನಿಗೆ ಗೊತ್ತಿರಲಿಲ್ಲ. ಎಲ್ಲಿ ನೋವು ಅಂತ ಕೇಳುವ ಕೌಂಟರ್ ಒಂದೇ ಅವನಿಗೆ ಗೊತ್ತಿದ್ದದ್ದು, ಅಲ್ಲಿಗೇ ಮತ್ತೆ ಮತ್ತೆ ಬಂದಿದ್ದ.

ನಾವು ತುಂಬುತ್ತಿದ್ದ ಫಾರಂನಲ್ಲಿ ಆ ಪ್ರಶ್ನೆಗೆ ಕಾಲಂ ಇರಲಿಲ್ಲ. ಕೇಳದೆ ಇದ್ದಿದ್ದರೂ ಆ ಡಾಕ್ಟರು ಯಾವ ಆರ್ಡರನ್ನೂ ಮೀರಿದಂತಾಗುತ್ತಿರಲಿಲ್ಲ. ಯಾರೂ ಅವರನ್ನು ಪ್ರಶ್ನಿಸುತ್ತಿರಲಿಲ್ಲ. ಅಜ್ಜಿಯ ಮಾತು ನನಗೆ ಅರ್ಥವಾದದ್ದು ಅವತ್ತು. ಕೈಯನ್ನು ಕಡ್ಡಾಯ ಮಾಡಬಹುದು, ಕಿವಿಯನ್ನು ಮಾಡೋಕಾಗಲ್ಲ. ರಕ್ತ ನಿಲ್ಲಿಸುವುದಕ್ಕೆ ಹಂತಗಳಿವೆ, ಆರ್ಡರ್ ಇದೆ, ಪರೀಕ್ಷೆ ಇದೆ. ಎದುರು ಕೂತವನು ನಿಜವಾಗಿ ಏನು ಹೇಳುತ್ತಿದ್ದಾನೆ ಅಂತ ಪೆನ್ನು ಕೆಳಗಿಟ್ಟು ಕೇಳುವುದಕ್ಕೆ ಯಾವ ದೇಶದ ಯಾವ ಕಾನೂನೂ ಬಲವಂತ ಮಾಡಲಾರದು.

ಹಾಗಂತ ಕಿವಿ ಮೇಲು, ಕೈ ಕೀಳು ಅಂತ ನಾನು ಹೇಳುತ್ತಿಲ್ಲ. ಮನಸ್ಸು ದೊಡ್ಡದು, ತರಬೇತಿ ಚಿಕ್ಕದು ಅನ್ನುವ ತಕ್ಕಡಿಯೇ ನನಗೆ ಅನುಮಾನ. ಆ ಡಾಕ್ಟರಿಗೆ ಕೇಳುವ ಪುರುಸೊತ್ತು ಸಿಕ್ಕಿದ್ದು ಹೇಗೆ? ಟೆಂಪರೇಚರ್, ಬಿಪಿ, ನಾಡಿ ಆಗಲೇ ನೋಡಿಯಾಗಿತ್ತು. ಅಪಾಯವಿಲ್ಲ ಅಂತ ಗೊತ್ತಾಗಿತ್ತು. ಕಲಿತ ಕೈ ತನ್ನ ಕೆಲಸ ಮುಗಿಸಿದ ಮೇಲೆ ಕಿವಿಗೆ ಜಾಗ ಸಿಕ್ಕಿತು. ಕೆಲಸ ಗೊತ್ತಿಲ್ಲದವನ ದಯೆ ಬಹುಪಾಲು ತನ್ನ ಗಾಬರಿಯನ್ನು ಸಂಭಾಳಿಸುವುದರಲ್ಲೇ ಖರ್ಚಾಗುತ್ತೆ.

ಈಗ ಬೆಂಗಳೂರಿಗೆ ಬರೋಣ. ರಸ್ತೆ ಅಪಘಾತದಲ್ಲಿ ಸಹಾಯ ಮಾಡಿದವರನ್ನು ಪೊಲೀಸರು, ಕೋರ್ಟು ಅಂತ ಅಲೆಸಬಾರದು ಅಂತ ಕರ್ನಾಟಕದಲ್ಲಿ 2016ರ ಕಾಯ್ದೆ ಇದೆ. 2019ರ ತಿದ್ದುಪಡಿಯ ನಂತರ ಕೇಂದ್ರದ ಮೋಟಾರು ವಾಹನ ಕಾಯ್ದೆಯಲ್ಲೂ ಇದೆ. ಒಳ್ಳೆಯದೇ. ಈ ಕಾನೂನುಗಳು ಸಹಾಯ ಮಾಡುವವನ ಹೆದರಿಕೆ ಕಳೆಯುತ್ತವೆ, ಆದರೆ ಅವನ ಕೈಗೆ ಏನನ್ನೂ ಕಲಿಸುವುದಿಲ್ಲ. ಅಪಘಾತ ನಡೆದಲ್ಲಿ ಸೇರುವ ಗುಂಪನ್ನು "ಜನಕ್ಕೆ ಮನುಷ್ಯತ್ವವೇ ಇಲ್ಲ" ಅಂತ ನಾವು ಬೈಯುತ್ತೇವೆ. ನನಗೆ ಹಾಗನ್ನಿಸಲ್ಲ. ಅಲ್ಲಿರುವ ಬಹಳ ಜನರ ಕರುಳು ಚುರುಕ್ ಅಂದೇ ಅಂದಿರುತ್ತೆ. ಕೈಗೆ ಏನು ಮಾಡಬೇಕು ಅಂತ ಗೊತ್ತಿರುವುದಿಲ್ಲ. ಗೊತ್ತಿಲ್ಲದ ಕೈ ಜೇಬಿಗೆ ಹೋಗುತ್ತೆ, ಮೊಬೈಲ್ ತೆಗೆಯುತ್ತೆ.

ನಮ್ಮ ದೇಶಕ್ಕೆ ಕಡ್ಡಾಯ ಸೈನಿಕ ಸೇವೆ ಬೇಕು ಅಂತ ವಾಟ್ಸಾಪಿನಲ್ಲಿ ಆಗಾಗ ಯಾರಾದರೂ ಎದ್ದು ನಿಲ್ಲುತ್ತಾರೆ. ಶಿಸ್ತು ಬರುತ್ತಂತೆ. ಎರಡು ವರ್ಷ ಮಾಡಿ ಬಂದವನಾಗಿ ಹೇಳುತ್ತೇನೆ, ನನ್ನ ಮಂಚದ ಮೇಲಿನ ಹೊದಿಕೆ ಈಗಲೂ ಮಡಚದೆ ಬಿದ್ದಿರುತ್ತೆ. ಉಳಿದುಕೊಂಡದ್ದು ಶಿಸ್ತಲ್ಲ, ರಕ್ತ ಕಂಡರೆ ಹಿಂದೆ ಸರಿಯುತ್ತಿದ್ದ ಕೈ ಈಗ ಮುಂದೆ ಹೋಗುತ್ತೆ ಅನ್ನುವುದೊಂದೇ. ಅದಕ್ಕೆ ಬಂದೂಕು ಬೇಕಿರಲಿಲ್ಲ, ಎರಡು ವರ್ಷವೂ ಬೇಕಿರಲಿಲ್ಲ. ಕಡ್ಡಾಯ ಮಾಡುವುದೇ ಆದರೆ ಡ್ರೈವಿಂಗ್ ಲೈಸೆನ್ಸ್ ಕೊಡುವ ಮೊದಲು, ಡಿಗ್ರಿ ಕೊಡುವ ಮೊದಲು, ಆಫೀಸಿನಲ್ಲಿ ಐಡಿ ಕಾರ್ಡ್ ಕೊಡುವ ವಾರದಲ್ಲಿ, ರಕ್ತ ನಿಲ್ಲಿಸುವುದನ್ನೂ ಎದೆ ಒತ್ತುವುದನ್ನೂ ಕಲಿಸಲಿ. ಮನಸ್ಸಿದೆಯಾ ಅಂತ ಯಾರನ್ನೂ ಕೇಳಬೇಡಿ.

ರಿಸರ್ವಿಸ್ಟ್ ಆಗಿ ನನ್ನ ಹೆಸರು ನಲವತ್ತರ ತನಕ ಪಟ್ಟಿಯಲ್ಲಿರುತ್ತೆ. ಕರೆದಾಗ ಹೋಗಿ ಅದೇ ಬೊಂಬೆಯ ಎದೆ ಒತ್ತಿ ಬರುತ್ತೇನೆ. ಕೈ ಮರೆತಿಲ್ಲ ಅಂತ ಅವರು ಬರೆದುಕೊಳ್ಳುತ್ತಾರೆ. ಕಿವಿಯ ಪರೀಕ್ಷೆ ಮಾತ್ರ ಅಲ್ಲಿ ಆಗುವುದಿಲ್ಲ. ಟೀಮಿನಲ್ಲಿ ಮೂರನೆಯ ಸಲ "ಇವತ್ತು ಹುಷಾರಿಲ್ಲ, ಲೀವ್ ಬೇಕು" ಅಂತ ಮೆಸೇಜ್ ಹಾಕಿದವನಿಗೆ ನಾನು ಏನಂತ ಉತ್ತರ ಕೊಡುತ್ತೇನೆ ಅನ್ನುವುದರಲ್ಲಿ ಅದು ಆಗುತ್ತೆ. ಅಲ್ಲಿ ಸಾರ್ಜೆಂಟ್ ಇರುವುದಿಲ್ಲ, ಕೂಗಿ ಹೇಳುವವರೂ ಇರುವುದಿಲ್ಲ.